ಚೀತಾ ಕೊಟ್ಟ ಬೋಟ್ಸ್ವಾನಾದ ಖಜಾನೆ ಬರಿದಾಗಿದ್ದೇಕೆ? ಸೂರತ್‌ನಿಂದ ವಟ್ವಾವರೆಗೆ ಒಂದು ಪಾಠ

2025ರ ನವೆಂಬರ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಆಫ್ರಿಕಾದ ಬೋಟ್ಸ್ವಾನಾಕ್ಕೆ ಭೇಟಿ ನೀಡಿದಾಗ ಭಾರತದ ಮಾಧ್ಯಮಗಳ ಗಮನವೆಲ್ಲ ಹೋಗಿದ್ದು ಚೀತಾಗಳ ಕಡೆಗೆ. ಎಂಟು ಚೀತಾಗಳನ್ನು ಆ ದೇಶ ಸಾಂಕೇತಿಕವಾಗಿ ಭಾರತಕ್ಕೆ ಹಸ್ತಾಂತರಿಸಿತು. ಫೋಟೊಗಳು ಬಂದವು, ಸುದ್ದಿ ಮುಗಿಯಿತು.

ಆದರೆ ಅದಕ್ಕೆ ಮೂರು ತಿಂಗಳು ಮೊದಲು, ಆಗಸ್ಟ್‌ನಲ್ಲಿ, ಇದೇ ಬೋಟ್ಸ್ವಾನಾದ ಅಧ್ಯಕ್ಷ ಡೂಮಾ ಬೋಕೊ ಟಿವಿಯಲ್ಲಿ ಕಾಣಿಸಿಕೊಂಡು ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಕಾರಣ ಸಾಂಕ್ರಾಮಿಕ ರೋಗವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಮುಗಿದಿತ್ತು. ಪೂರೈಕೆದಾರರಿಗೆ ಕೊಡಬೇಕಾದ ಹಣ ಬಾಕಿ ಬಿದ್ದಿತ್ತು. ಔಷಧಿ ತರಿಸಿ ಹಂಚುವ ಕೆಲಸದ ಉಸ್ತುವಾರಿಯನ್ನು ಸೇನೆಗೆ ವಹಿಸಬೇಕಾಯಿತು.

ಆಫ್ರಿಕಾದ ಅತ್ಯಂತ ಯಶಸ್ವಿ ದೇಶ ಎಂದು ದಶಕಗಳ ಕಾಲ ಹೊಗಳಿಸಿಕೊಂಡ ಬೋಟ್ಸ್ವಾನಾ ಈ ಸ್ಥಿತಿಗೆ ಬಂದಿದ್ದು ಹೇಗೆ? ಭ್ರಷ್ಟಾಚಾರವೇ? ಯುದ್ಧವೇ? ಎರಡೂ ಅಲ್ಲ. ಉತ್ತರದ ದೊಡ್ಡ ಭಾಗ ಗುಜರಾತ್‌ನ ಸೂರತ್‌ನಲ್ಲಿದೆ. ಈಗ ಅದೇ ಕಾಯಿಲೆ ಸೂರತ್‌ಗೂ ತಗುಲಿದೆ.

12 ಕಿ.ಮೀ. ಟಾರು ರಸ್ತೆಯ ದೇಶ

ಬೋಟ್ಸ್ವಾನಾ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರು ಪಟ್ಟು. ಆದರೆ ಜನಸಂಖ್ಯೆ ಸುಮಾರು 25 ಲಕ್ಷ, ಅಂದರೆ ಸೂರತ್ ನಗರಕ್ಕಿಂತಲೂ ಕಡಿಮೆ. ದೇಶದ ಬಹುಭಾಗ ಕಲಹಾರಿ ಮರುಭೂಮಿ. 1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಾಗ ಅಲ್ಲಿ ಇದ್ದ ಟಾರು ರಸ್ತೆ ಬರೀ 12 ಕಿ.ಮೀ. ದನ ಸಾಕಣೆ ಬಿಟ್ಟರೆ ಬೇರೆ ಆದಾಯವಿರಲಿಲ್ಲ. ಗಂಡಸರು ಕೂಲಿಗಾಗಿ ದಕ್ಷಿಣ ಆಫ್ರಿಕಾದ ಗಣಿಗಳಿಗೆ ಹೋಗುತ್ತಿದ್ದರು. ಜಗತ್ತಿನ ಕಡುಬಡ ದೇಶಗಳ ಪಟ್ಟಿಯಲ್ಲಿ ಅದರ ಹೆಸರಿತ್ತು.

ಮರುವರ್ಷ, 1967ರಲ್ಲಿ, ಒರಾಪಾ ಎಂಬಲ್ಲಿ ವಜ್ರ ಸಿಕ್ಕಿತು. 1982ರಲ್ಲಿ ಜ್ವಾನೆಂಗ್ ಗಣಿ ಶುರುವಾಯಿತು. ಮೌಲ್ಯದ ಲೆಕ್ಕದಲ್ಲಿ ಇದು ಜಗತ್ತಿನ ಅತ್ಯಂತ ಶ್ರೀಮಂತ ವಜ್ರದ ಗಣಿ ಎನಿಸಿಕೊಂಡಿತು. ಅಲ್ಲಿಂದ 1990ರ ದಶಕದವರೆಗೆ ಬೋಟ್ಸ್ವಾನಾದ ಆರ್ಥಿಕತೆ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳಲ್ಲಿ ಒಂದು.

ಅದೃಷ್ಟ ಮಾತ್ರವಲ್ಲ, ಲೆಕ್ಕಾಚಾರವೂ ಇತ್ತು

ವಜ್ರ ಸಿಕ್ಕ ದೇಶಗಳೆಲ್ಲ ಉದ್ಧಾರವಾಗಿಲ್ಲ. ಸಿಯೆರಾ ಲಿಯೋನ್, ಅಂಗೋಲಾ, ಕಾಂಗೊಗಳಲ್ಲಿ ವಜ್ರದ ಹಣ ಬಂದೂಕಾಗಿ ಬದಲಾಯಿತು. ಬೋಟ್ಸ್ವಾನಾದಲ್ಲಿ ಹಾಗಾಗಲಿಲ್ಲ. ಇದಕ್ಕೆ ಮೂರು ಕಾರಣ.

ಮೊದಲನೆಯದು ಕಾನೂನು. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ತಮ್ಮ ಆಳ್ವಿಕೆಯ ಆರಂಭದಲ್ಲೇ ಭೂಮಿಯೊಳಗಿನ ಖನಿಜ ಆಯಾ ಬುಡಕಟ್ಟಿನದ್ದಲ್ಲ, ಇಡೀ ದೇಶದ್ದು ಎಂದು ಕಾನೂನು ಮಾಡಿದರು. ಒರಾಪಾ ಇದ್ದದ್ದು ಅವರ ಸ್ವಂತ ಬುಡಕಟ್ಟಿನ ನೆಲದಲ್ಲಿ ಎಂಬುದನ್ನು ಗಮನಿಸಬೇಕು. ಆ ಒಂದು ತೀರ್ಮಾನ ದೇಶವನ್ನು ಒಳಜಗಳದಿಂದ ಪಾರು ಮಾಡಿತು.

ಎರಡನೆಯದು ಚೌಕಾಶಿ. ಜಗತ್ತಿನ ವಜ್ರ ವ್ಯಾಪಾರವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಡಿ ಬೀರ್ಸ್ ಕಂಪನಿಯ ಜತೆ ಸಮಪಾಲಿನ ಒಪ್ಪಂದ ಮಾಡಿಕೊಂಡು ಡೆಬ್ಸ್ವಾನಾ ಎಂಬ ಜಂಟಿ ಕಂಪನಿ ಕಟ್ಟಿತು. ತೆರಿಗೆ, ರಾಯಧನ, ಲಾಭಾಂಶ ಎಲ್ಲ ಸೇರಿ ಡೆಬ್ಸ್ವಾನಾ ಲಾಭದ ಶೇ 80ರಷ್ಟು ಸರ್ಕಾರಕ್ಕೇ ಬರುತ್ತದೆ ಎಂಬುದು ಸಾಮಾನ್ಯ ಲೆಕ್ಕ. 2013ರಲ್ಲಿ ಡಿ ಬೀರ್ಸ್ ತನ್ನ ಕಚ್ಚಾ ವಜ್ರದ ಮಾರಾಟವನ್ನೇ ಲಂಡನ್‌ನಿಂದ ರಾಜಧಾನಿ ಗ್ಯಾಬೊರೋನ್‌ಗೆ ಸ್ಥಳಾಂತರಿಸಿತು.

ಮೂರನೆಯದು ಉಳಿತಾಯ. ಅಲ್ಲಿನ ಕರೆನ್ಸಿಯ ಹೆಸರು ಪುಲಾ. ಆ ಪದಕ್ಕೆ ಮಳೆ ಎಂದರ್ಥ. ಬಯಲುಸೀಮೆಯ ನಮ್ಮವರಿಗೆ ಈ ಹೆಸರಿನ ಬೆಲೆ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕಣಜ ತುಂಬಿಸಿಕೊಳ್ಳುವ ಹಾಗೆ, ವಜ್ರದ ಹಣದಲ್ಲಿ ಒಂದಿಷ್ಟನ್ನು ಮುಂದಿನ ಪೀಳಿಗೆಗೆಂದು ಪುಲಾ ನಿಧಿಯಲ್ಲಿ ಇಡಲಾಯಿತು. ಉಳಿದ ಹಣದಲ್ಲಿ ಶಾಲೆ, ರಸ್ತೆ, ಆಸ್ಪತ್ರೆ ಬಂದವು. ಏಡ್ಸ್ ಮಾರಿ ದೇಶವನ್ನು ಕಾಡಿದಾಗ, 2002ರಲ್ಲಿ ಆಫ್ರಿಕಾದಲ್ಲೇ ಮೊದಲಿಗೆ ಸರ್ಕಾರವೇ ಉಚಿತ ಔಷಧಿ ಕೊಡಲು ಆರಂಭಿಸಿದ್ದು ಬೋಟ್ಸ್ವಾನಾ.

2024ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು, ಜಾನ್ಸನ್ ಮತ್ತು ರಾಬಿನ್ಸನ್ ಎರಡು ದಶಕಗಳ ಹಿಂದೆಯೇ ಬೋಟ್ಸ್ವಾನಾವನ್ನು ಆಫ್ರಿಕಾದ ಯಶಸ್ಸಿನ ಕತೆ ಎಂದು ಬರೆದಿದ್ದರು. ವಿಪರ್ಯಾಸವೆಂದರೆ ಅವರಿಗೆ ಪ್ರಶಸ್ತಿ ಬಂದ ವರ್ಷವೇ ಆ ದೇಶದ ಜಿಡಿಪಿ ಸುಮಾರು ಶೇ 3ರಷ್ಟು ಕುಗ್ಗಿತು.

ಗಣಿ ಅಲ್ಲಿ, ಸಾಣೆ ಇಲ್ಲಿ

ಕುಸಿತ ಅರ್ಥವಾಗಬೇಕಾದರೆ ವಜ್ರದ ದಾರಿ ಗೊತ್ತಿರಬೇಕು. ನೆಲದಿಂದ ತೆಗೆದ ಕಲ್ಲು ನೋಡಲು ಮಂಕು ಗಾಜಿನ ಚೂರಿನಂತಿರುತ್ತದೆ. ಅದನ್ನು ವರ್ಷಕ್ಕೆ ಹತ್ತು ಸಲ ಡಿ ಬೀರ್ಸ್ ಆಯ್ದ ಖರೀದಿದಾರರಿಗೆ ಮಾರುತ್ತದೆ. ಅವರಲ್ಲಿ ಹೆಚ್ಚಿನವರು ಭಾರತೀಯರು, ಅದರಲ್ಲೂ ಗುಜರಾತಿಗಳು. ಕಲ್ಲು ಮುಂಬೈ ಮೂಲಕ ಸೂರತ್ ತಲುಪುತ್ತದೆ. ಅಲ್ಲಿ ಸೀಳಿ, ಮುಖ ಕೊರೆದು, ಸಾಣೆ ಹಿಡಿದು ಹೊಳಪು ಕೊಟ್ಟ ಮೇಲೆ ಅದು ನ್ಯೂಯಾರ್ಕ್, ಹಾಂಕಾಂಗ್, ದುಬೈಗೆ ಹೊರಡುತ್ತದೆ. ಜಗತ್ತಿನಲ್ಲಿ ಸಾಣೆ ಹಿಡಿಯುವ ಪ್ರತಿ ಹತ್ತು ವಜ್ರಗಳಲ್ಲಿ ಒಂಬತ್ತು ಭಾರತದಲ್ಲಿ, ಬಹುಪಾಲು ಸೂರತ್‌ನಲ್ಲಿ, ಸಿದ್ಧವಾಗುತ್ತವೆ.

ಈ ಕೆಲಸ ತನ್ನಲ್ಲೇ ನಡೆಯಲಿ ಎಂದು ಬೋಟ್ಸ್ವಾನಾ ಕೂಡ ಪ್ರಯತ್ನಿಸಿತು. ಗ್ಯಾಬೊರೋನ್‌ನಲ್ಲಿ ಕಾರ್ಖಾನೆಗಳು ಬಂದವು, ಗುಜರಾತ್ ಮೂಲದ ಕಂಪನಿಗಳೂ ಹೋದವು. ಆದರೆ ಸೂರತ್‌ನ ಕೂಲಿ ದರ ಮತ್ತು ಕೈಚಳಕದ ಮುಂದೆ ಸ್ಪರ್ಧೆ ಸುಲಭವಾಗಿರಲಿಲ್ಲ. ಹೀಗಾಗಿ ರಫ್ತಿನ ಸುಮಾರು ಶೇ 80, ಸರ್ಕಾರದ ಆದಾಯದ ಮೂರನೇ ಒಂದು ಭಾಗ ಕಚ್ಚಾ ವಜ್ರದಿಂದಲೇ ಬರುವ ಸ್ಥಿತಿ ಮುಂದುವರಿಯಿತು. ಒಂದೇ ಕಂಬದ ಮೇಲೆ ನಿಂತ ಮನೆ ಅದು.

ಕಂಬ ಅಲುಗಾಡಿದ್ದು ಹೇಗೆ?

ಕೋವಿಡ್ ನಂತರದ ಎರಡು ವರ್ಷ ವಜ್ರಕ್ಕೆ ಸುಗ್ಗಿ. ಪ್ರವಾಸ, ಹೋಟೆಲ್ ಬಂದ್ ಆಗಿದ್ದರಿಂದ ಅಮೆರಿಕನ್ನರು ಉಳಿದ ಹಣವನ್ನು ಆಭರಣಕ್ಕೆ ಸುರಿದರು. 2021-22ರಲ್ಲಿ ಭಾರತದ ಸಾಣೆ ಹಿಡಿದ ವಜ್ರದ ರಫ್ತು ಸುಮಾರು 2,400 ಕೋಟಿ ಡಾಲರ್ ಮುಟ್ಟಿತು. ಬೇಡಿಕೆ ಹೀಗೇ ಇರುತ್ತದೆ ಎಂದು ನಂಬಿ ಎಲ್ಲರೂ ಕಚ್ಚಾ ವಜ್ರ ದಾಸ್ತಾನು ಮಾಡಿದರು. ಅಲ್ಲಿಂದ ನಾಲ್ಕು ಪೆಟ್ಟು ಒಂದರ ಹಿಂದೆ ಒಂದು ಬಿದ್ದವು.

ಮೊದಲ ಪೆಟ್ಟು ಬೇಡಿಕೆಯದ್ದು. ಅಮೆರಿಕದಲ್ಲಿ ಹಣದುಬ್ಬರ, ಬಡ್ಡಿದರ ಏರಿದವು. ಆಗ ಎರಡನೇ ದೊಡ್ಡ ಮಾರುಕಟ್ಟೆಯಾಗಿದ್ದ ಚೀನಾದಲ್ಲಿ ರಿಯಲ್ ಎಸ್ಟೇಟ್ ಕುಸಿದು, ಮದುವೆಗಳೂ ಕಡಿಮೆಯಾಗಿ, ಜನ ವಜ್ರ ಬಿಟ್ಟು ಚಿನ್ನದ ಕಡೆ ಹೊರಳಿದರು. ದಾಸ್ತಾನು ಕರಗದೆ 2023ರ ಅಕ್ಟೋಬರ್ ಮಧ್ಯದಿಂದ ಎರಡು ತಿಂಗಳು ಕಚ್ಚಾ ವಜ್ರದ ಆಮದನ್ನೇ ಭಾರತದ ಉದ್ಯಮ ಸ್ವಯಂ ನಿಲ್ಲಿಸಿತು. ಸೂರತ್ ಕೊಳ್ಳುವುದನ್ನು ನಿಲ್ಲಿಸಿದರೆ ಗ್ಯಾಬೊರೋನ್‌ನ ಗಲ್ಲಾಪೆಟ್ಟಿಗೆಗೆ ಬೀಗ ಬಿದ್ದಂತೆ.

ಎರಡನೆಯದು, ಎಲ್ಲಕ್ಕಿಂತ ದೊಡ್ಡದು, ಲ್ಯಾಬ್ ವಜ್ರ. ಯಂತ್ರದೊಳಗೆ ವಜ್ರದ ತೆಳು ಬೀಜವಿಟ್ಟು, ಮೀಥೇನ್‌ನಂಥ ಅನಿಲದಿಂದ ಇಂಗಾಲ ಬಿಡಿಸಿ ಪದರ ಪದರವಾಗಿ ಬೆಳೆಸುವ ವಜ್ರ ಇದು. ನಕಲಿ ಅಲ್ಲ, ರಚನೆಯಲ್ಲಿ ಅಸಲಿಯೇ. ಬರಿಗಣ್ಣಿಗೆ ವ್ಯತ್ಯಾಸ ಕಾಣದು. ನೆಲದಡಿ ನೂರಾರು ಕೋಟಿ ವರ್ಷ ಹಿಡಿಯುವ ಕೆಲಸ ಯಂತ್ರದಲ್ಲಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಹತ್ತು ವರ್ಷದ ಹಿಂದೆ ಎರಡರ ಬೆಲೆಯಲ್ಲಿ ಅಷ್ಟೇನೂ ಅಂತರವಿರಲಿಲ್ಲ. ಈಗ ಲ್ಯಾಬ್ ವಜ್ರ ಗಣಿ ವಜ್ರದ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ನಿಶ್ಚಿತಾರ್ಥಕ್ಕೆ ಉಂಗುರ ಕೊಳ್ಳುವ ಅಮೆರಿಕದ ಯುವಜೋಡಿ ಯಾವುದನ್ನು ಆರಿಸುತ್ತದೆ ಎಂದು ಹೇಳಬೇಕಿಲ್ಲ.

ಈ ವಜ್ರ ಬೆಳೆಸುವ ದೊಡ್ಡ ಕೇಂದ್ರಗಳಲ್ಲಿ ಸೂರತ್ ಕೂಡ ಒಂದು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ ಬೇಕಾದ ಬೀಜಗಳ ಮೇಲಿನ ಸುಂಕ ತೆಗೆಯಲಾಯಿತು. ಅದೇ ವರ್ಷ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕದ ಅಂದಿನ ಪ್ರಥಮ ಮಹಿಳೆ ಜಿಲ್ ಬೈಡನ್‌ಗೆ ಕೊಟ್ಟ ಉಡುಗೊರೆ 7.5 ಕ್ಯಾರಟ್‌ನ ಲ್ಯಾಬ್ ವಜ್ರ. ಹೀಗೆ ಬೋಟ್ಸ್ವಾನಾದ ಅತಿ ದೊಡ್ಡ ಗಿರಾಕಿಯ ಊರೇ ಅದರ ದೊಡ್ಡ ಪ್ರತಿಸ್ಪರ್ಧಿಯೂ ಆಯಿತು.

ಮೂರನೆಯದು ಯುದ್ಧ. ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ 2024ರ ಜನವರಿಯಿಂದ ಜಿ7 ದೇಶಗಳು ರಷ್ಯಾದ ವಜ್ರ ನಿಷೇಧಿಸಿದವು. ಮಾರ್ಚ್‌ನಿಂದ ಬೇರೆ ದೇಶದಲ್ಲಿ ಸಾಣೆ ಹಿಡಿದ ರಷ್ಯಾ ವಜ್ರಕ್ಕೂ ಇದು ಅನ್ವಯವಾಯಿತು. ಸಣ್ಣ ಕಲ್ಲುಗಳಿಗೆ ರಷ್ಯಾವನ್ನು ನಂಬಿದ್ದ ಸೂರತ್‌ಗೆ ಇದು ನೇರ ಏಟು.

ನಾಲ್ಕನೆಯದು ಸುಂಕ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಓದಿದ ಪಟ್ಟಿಯಲ್ಲಿ ಬೋಟ್ಸ್ವಾನಾಕ್ಕೆ ಶೇ 37ರ ಸುಂಕವಿತ್ತು. ಆಮೇಲೆ ಅದು ಇಳಿಯಿತು. ಭಾರತಕ್ಕೆ ಮಾತ್ರ ಆಗಸ್ಟ್ 27ರಿಂದ ಶೇ 50ರ ಬರೆ ಬಿತ್ತು.

ಪರಿಣಾಮ? 2024-25ರಲ್ಲಿ ಭಾರತದ ಸಾಣೆ ವಜ್ರದ ರಫ್ತು ಸುಮಾರು 1,330 ಕೋಟಿ ಡಾಲರ್‌ಗೆ ಕುಸಿಯಿತು. ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. ಡೆಬ್ಸ್ವಾನಾ 2023ರಲ್ಲಿ ಸುಮಾರು 2.47 ಕೋಟಿ ಕ್ಯಾರಟ್ ವಜ್ರ ತೆಗೆದಿದ್ದರೆ, 2024ರಲ್ಲಿ ತಾನಾಗಿಯೇ ಅದನ್ನು ಸುಮಾರು 1.79 ಕೋಟಿಗೆ ಇಳಿಸಿತು. ತೆಗೆದರೂ ಕೊಳ್ಳುವವರಿಲ್ಲದ ಸ್ಥಿತಿ. ಡಿ ಬೀರ್ಸ್‌ನ ಶೇ 85ರ ಒಡೆತನ ಹೊಂದಿರುವ ಆಂಗ್ಲೊ ಅಮೆರಿಕನ್ ಕಂಪನಿಯೇ ತಾನು ಈ ವ್ಯವಹಾರದಿಂದ ಹೊರಬರುವುದಾಗಿ 2024ರ ಮೇ ತಿಂಗಳಲ್ಲಿ ಪ್ರಕಟಿಸಿತು.

2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ ಬೋಟ್ಸ್ವಾನಾದ ಜನ ಉತ್ತರ ಕೊಟ್ಟರು. ಸ್ವಾತಂತ್ರ್ಯ ಬಂದಾಗಿನಿಂದ 58 ವರ್ಷ ಆಳಿದ ಪಕ್ಷಕ್ಕೆ ಸಿಕ್ಕಿದ್ದು 61ರಲ್ಲಿ 4 ಸ್ಥಾನ. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿಲ್ಲದ ದೇಶದಲ್ಲಿ ಇದು ಅನಿರೀಕ್ಷಿತವೇನಲ್ಲ. ಅಧಿಕಾರ ಶಾಂತವಾಗಿ ಹಸ್ತಾಂತರವಾಯಿತು ಎಂಬುದು ಮಾತ್ರ ಆ ದೇಶದ ಸಂಸ್ಥೆಗಳು ಇನ್ನೂ ಗಟ್ಟಿಯಾಗಿವೆ ಎಂಬುದಕ್ಕೆ ಸಾಕ್ಷಿ.

ತಪ್ಪು ಎಲ್ಲಾಯಿತು?

ಬೋಟ್ಸ್ವಾನಾ ಹಣ ಪೋಲು ಮಾಡಿದ ದೇಶವಲ್ಲ. ಪೆಸಿಫಿಕ್ ಸಾಗರದ ನೌರು ದ್ವೀಪ ಫಾಸ್ಫೇಟ್ ಅಗೆದು 1970ರ ದಶಕದಲ್ಲಿ ಸಿರಿವಂತವಾಗಿ, ಆಮೇಲೆ ಬಂದ ಹಣವನ್ನೆಲ್ಲ ಕಂಡಕಂಡಲ್ಲಿ ಹೂಡಿ ಕೈ ಸುಟ್ಟುಕೊಂಡಿತು. ಬೋಟ್ಸ್ವಾನಾದ್ದು ಬೇರೆ ಸಮಸ್ಯೆ.

ಗಣಿ ಒಂದು ದಿನ ಬರಿದಾಗುತ್ತದೆ ಎಂಬುದಕ್ಕೆ ಅದು ತಯಾರಾಗಿತ್ತು. ಗಣಿ ತುಂಬಿರುವಾಗಲೇ ಗಿರಾಕಿ ಮಾಯವಾಗುತ್ತಾನೆ ಎಂದು ಊಹಿಸಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಕರೋವೆ ಗಣಿಯಲ್ಲಿ 2,492 ಕ್ಯಾರಟ್‌ನ ಕಲ್ಲು ಸಿಕ್ಕಿತು. ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಸಿಕ್ಕ ಅತಿ ದೊಡ್ಡ ವಜ್ರ ಅದು. ದೇಶದ ಬೊಕ್ಕಸ ಸೊರಗುತ್ತಿದ್ದ ವರ್ಷವೇ ಆ ಕಲ್ಲು ಕೈಗೆ ಬಂತು!

ಇನ್ನೊಂದು ತಪ್ಪು ಖರ್ಚಿನದ್ದು. ಒಳ್ಳೆಯ ವರ್ಷಗಳ ಆದಾಯವನ್ನು ನೋಡಿ ಸರ್ಕಾರಿ ನೌಕರಿ, ಸಂಬಳ ಬೆಳೆದವು. ಖಾಸಗಿ ಕಾರ್ಖಾನೆ, ಸೇವಾ ವಲಯ ಅದೇ ವೇಗದಲ್ಲಿ ಬೆಳೆಯಲಿಲ್ಲ. 2008ರ ಹಿಂಜರಿತ, 2020ರ ಕೋವಿಡ್ ಬಂದಾಗ ಕಣಜದಿಂದ ತೆಗೆದರು. ಮತ್ತೆ ಪೂರ್ತಿ ತುಂಬಿಸಲಿಲ್ಲ. ಮೂರನೇ ಬರ ಬಂದಾಗ ಕಣಜದ ತಳ ಕಾಣುತ್ತಿತ್ತು.

ಸೂರತ್‌ನ ರತ್ನಕಲಾಕಾರರ ಪಾಡು

ಸೂರತ್‌ನಲ್ಲಿ ಸಾಣೆ ಕೆಲಸಗಾರರನ್ನು ರತ್ನಕಲಾಕಾರ ಎಂದು ಕರೆಯುತ್ತಾರೆ. ಹೆಸರು ದೊಡ್ಡದು, ಭದ್ರತೆ ಸಣ್ಣದು. ಅಮ್ರೇಲಿ, ಭಾವನಗರದಂಥ ಸೌರಾಷ್ಟ್ರದ ಬರಪೀಡಿತ ಜಿಲ್ಲೆಗಳಿಂದ ಬಂದವರೇ ಹೆಚ್ಚು. ಗುಜರಾತ್‌ನಲ್ಲಿ ಇವರ ಸಂಖ್ಯೆ 8ರಿಂದ 10 ಲಕ್ಷ ಎಂಬ ಅಂದಾಜಿದೆ. ಕೂಲಿ ಕಲ್ಲಿನ ಲೆಕ್ಕದಲ್ಲಿ. ಕಲ್ಲು ಬಂದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಬಹುಪಾಲು ಮಂದಿಗೆ ಪಿಎಫ್ ಇಲ್ಲ, ಇಎಸ್ಐ ಇಲ್ಲ, ನೇಮಕಾತಿ ಪತ್ರವೂ ಇಲ್ಲ.

2023ರ ಡಿಸೆಂಬರ್ 17ರಂದು ಪ್ರಧಾನಿ ಮೋದಿ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟಿಸಿದರು. 4,500ಕ್ಕೂ ಹೆಚ್ಚು ಕಚೇರಿಗಳಿರುವ ಆ ಕಟ್ಟಡ ಜಗತ್ತಿನ ಅತಿ ದೊಡ್ಡ ಕಚೇರಿ ಸಂಕೀರ್ಣ ಎನಿಸಿಕೊಂಡಿತು. ಅದಾಗಿ ಎಂಟು ತಿಂಗಳಿಗೆ, 2024ರ ಆಗಸ್ಟ್‌ನಲ್ಲಿ, ಸೂರತ್‌ನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಾದ ಕಿರಣ್ ಜೆಮ್ಸ್ ಬೇಡಿಕೆ ಇಲ್ಲವೆಂದು ತನ್ನ 50 ಸಾವಿರ ಕಾರ್ಮಿಕರಿಗೆ ಹತ್ತು ದಿನ ರಜೆ ಘೋಷಿಸಿತು. ಸಣ್ಣ ಘಟಕಗಳು ರಜೆ ಘೋಷಿಸಲಿಲ್ಲ, ಬಾಗಿಲೇ ಮುಚ್ಚಿದವು. ದೀಪಾವಳಿಗೆ ಊರಿಗೆ ಹೋದ ಅನೇಕರು ವಾಪಸ್ ಬರಲಿಲ್ಲ.

ಸಾಲ, ಮನೆ ಕಂತು, ಮಕ್ಕಳ ಶಾಲಾ ಶುಲ್ಕ ಕಟ್ಟಲಾಗದೆ ಜೀವ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬರತೊಡಗಿದಾಗ ಕಾರ್ಮಿಕ ಸಂಘಟನೆಯೇ 2024ರಲ್ಲಿ ಸಹಾಯವಾಣಿ ತೆರೆಯಿತು. 2025ರ ಮಾರ್ಚ್ ಕೊನೆಯಲ್ಲಿ ಕೂಲಿ ಹೆಚ್ಚಳಕ್ಕಾಗಿ ಎರಡು ದಿನ ಮುಷ್ಕರ ನಡೆಯಿತು. ಮೇ ತಿಂಗಳಲ್ಲಿ ಗುಜರಾತ್ ಸರ್ಕಾರ ಮಕ್ಕಳ ಶಾಲಾ ಶುಲ್ಕಕ್ಕೆ ನೆರವು, ಸಣ್ಣ ಘಟಕಗಳ ಸಾಲಕ್ಕೆ ಬಡ್ಡಿ ರಿಯಾಯಿತಿ ಒಳಗೊಂಡ ಪ್ಯಾಕೇಜ್ ಪ್ರಕಟಿಸಿತು. ಆದರೆ ಕೆಲಸ ಕಳೆದುಕೊಂಡಿದ್ದೇನೆ ಎಂದು ಸಾಬೀತು ಮಾಡಲು ಮೊದಲು ಕೆಲಸದಲ್ಲಿದ್ದೆ ಎಂಬ ದಾಖಲೆ ಬೇಕಲ್ಲ? ಅದೇ ಇಲ್ಲದವರು ಏನು ಮಾಡಬೇಕು?

ವಟ್ವಾ ಹೇಳುವ ಹಳೆಯ ಕತೆ

ಗುಜರಾತ್‌ಗೆ ಇದು ಹೊಸ ಅನುಭವವಲ್ಲ. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಮೊದಲ ಬಟ್ಟೆ ಗಿರಣಿ ಶುರು ಮಾಡಿದ ಮೇಲೆ ಅಹಮದಾಬಾದ್ 'ಭಾರತದ ಮ್ಯಾಂಚೆಸ್ಟರ್' ಆಗಿ ಬೆಳೆಯಿತು. 1918ರಲ್ಲಿ ಗಾಂಧೀಜಿ ಗಿರಣಿ ಕಾರ್ಮಿಕರ ಪರ ಉಪವಾಸ ಕೂತಿದ್ದು ಇಲ್ಲೇ. 1980ರ ದಶಕದಿಂದ ಚಿತ್ರ ಬದಲಾಯಿತು. ಅಗ್ಗದ ಪಾಲಿಯೆಸ್ಟರ್, ಸೂರತ್ ಮತ್ತು ಭಿವಂಡಿಯ ಪವರ್‌ಲೂಮ್, ಹಳೆಯ ಯಂತ್ರ, ಗಿರಣಿಯ ಲಾಭವನ್ನು ಬೇರೆ ಕಡೆ ತಿರುಗಿಸಿದ ಮಾಲೀಕರು, ಎಲ್ಲ ಸೇರಿ ಎರಡು ದಶಕದಲ್ಲಿ 50ಕ್ಕೂ ಹೆಚ್ಚು ಗಿರಣಿಗಳು ಮುಚ್ಚಿದವು. ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. ತಿಂಗಳ ಸಂಬಳ, ಪಿಎಫ್, ಗ್ರಾಚ್ಯುಟಿ ಇದ್ದವರು ಆಟೊ ಓಡಿಸಿದರು, ತಳ್ಳುಗಾಡಿ ಹಿಡಿದರು, ನಗರದ ಪೂರ್ವ ಅಂಚಿನ ವಟ್ವಾ, ಓಢವ್, ನರೋಡಾ ಕೈಗಾರಿಕಾ ವಸಾಹತುಗಳಲ್ಲಿ ದಿನಗೂಲಿಗೆ ನಿಂತರು.

ವಟ್ವಾ ಬೆಳೆದದ್ದು ಬಣ್ಣ ಮತ್ತು ರಾಸಾಯನಿಕದಿಂದ. ಬಟ್ಟೆಗೆ ಹಾಕುವ ಡೈ, ಅದಕ್ಕೆ ಬೇಕಾದ ಎಚ್ ಆ್ಯಸಿಡ್, ವಿನೈಲ್ ಸಲ್ಫೋನ್ ಮಾಡುವ ನೂರಾರು ಸಣ್ಣ ಘಟಕಗಳು ಇಲ್ಲಿ ಎದ್ದವು. ಶ್ರೀಮಂತ ದೇಶಗಳು ಕೊಳಕು ಎಂದು ಕೈಬಿಟ್ಟ ಕೆಲಸಕ್ಕೆ ಇಲ್ಲಿ ಸುಗ್ಗಿ. ಬಣ್ಣದ ನೀರು ಖಾರಿಕಟ್ ಕಾಲುವೆ ಸೇರಿ ಕೆಳಗಿನ ಹಳ್ಳಿಗಳ ಹೊಲ, ಬಾವಿ ಕೆಡಿಸಿತು. 1995ರಲ್ಲಿ ಗುಜರಾತ್ ಹೈಕೋರ್ಟ್ ವಟ್ವಾ ಸೇರಿದಂತೆ ಈ ಭಾಗದ 756 ಘಟಕಗಳನ್ನು ಮುಚ್ಚಲು ಆದೇಶಿಸಿತು. ತ್ಯಾಜ್ಯ ಶುದ್ಧೀಕರಣ ಘಟಕ ಕಟ್ಟಿದ ಮೇಲೆ ವಟ್ವಾ ಉಸಿರಾಡಿತು. ಆದರೂ 2009-10ರಲ್ಲಿ ದೇಶದ ತೀವ್ರ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಅದರ ಹೆಸರು ಬಂತು.

ಇಂದು ಅಹಮದಾಬಾದ್ ಔಷಧ, ರಾಸಾಯನಿಕ, ಎಂಜಿನಿಯರಿಂಗ್, ರಿಯಲ್ ಎಸ್ಟೇಟ್ ಎಲ್ಲ ಇರುವ ಶ್ರೀಮಂತ ನಗರ. ಅಂಕಿಅಂಶದಲ್ಲಿ ಗಿರಣಿಗಳ ಸಾವು ಒಂದು ಸಣ್ಣ ಡೊಂಕು ಮಾತ್ರ. ನಗರ ಚೇತರಿಸಿಕೊಂಡಿತು. ಗಿರಣಿ ಕಾರ್ಮಿಕ ಚೇತರಿಸಿಕೊಳ್ಳಲಿಲ್ಲ. ಅವನ ಮಗನಿಗೆ ಅಪ್ಪನ ಸಂಬಳವಾಗಲಿ, ಅಪ್ಪನ ಸಂಘದ ಬಲವಾಗಲಿ ಸಿಗಲಿಲ್ಲ. ಸೂರತ್ ಎದುರು ಇರುವ ನಿಜವಾದ ಅಪಾಯ ಇದು. ಜವಳಿ, ಲ್ಯಾಬ್ ವಜ್ರ, ಬಂದರು ಇರುವ ಸೂರತ್ ನಗರ ಉಳಿದುಕೊಳ್ಳುತ್ತದೆ. 25 ವರ್ಷ ಸಾಣೆ ಹಿಡಿದು ಕಣ್ಣು ಮಂಜಾದ ಕೆಲಸಗಾರ ಉಳಿದುಕೊಳ್ಳುತ್ತಾನೆಯೇ?

ಕೆಜಿಎಫ್, ಬಳ್ಳಾರಿ ಕಂಡವರಿಗೆ ಗೊತ್ತು

ಕನ್ನಡಿಗರಿಗೆ ಇದು ದೂರದ ಕತೆಯೂ ಅಲ್ಲ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಕೆಜಿಎಫ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಇಂದಿಗೂ ಅಲ್ಲಿನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಚೀನಾದ ಬೇಡಿಕೆಯಿಂದ ಬಳ್ಳಾರಿಯ ಅದಿರಿಗೆ ಬಂಗಾರದ ಬೆಲೆ ಬಂದಾಗ ರೈತರು ಹೊಲವನ್ನೇ ಅಗೆದರು, ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ರಸ್ತೆ ಬದಿ ತುಕ್ಕು ಹಿಡಿದವು. ದಾವಣಗೆರೆಯ ಹತ್ತಿ ಗಿರಣಿಗಳದ್ದೂ ಅಹಮದಾಬಾದ್‌ನದ್ದೇ ಹಾದಿ.

ಮುಂದೇನು?

ಬೋಟ್ಸ್ವಾನಾ ಕೈಕಟ್ಟಿ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಡಿ ಬೀರ್ಸ್ ಜತೆ ಹೊಸ ಒಪ್ಪಂದ ಮಾಡಿಕೊಂಡು ಡೆಬ್ಸ್ವಾನಾ ವಜ್ರದಲ್ಲಿ ತನ್ನ ಸರ್ಕಾರಿ ಕಂಪನಿ ಮಾರುವ ಪಾಲನ್ನು ಹಂತ ಹಂತವಾಗಿ ಶೇ 50ಕ್ಕೆ ಏರಿಸಿಕೊಳ್ಳುವ ಅವಕಾಶ ಪಡೆದಿದೆ. ಡಿ ಬೀರ್ಸ್‌ನಲ್ಲಿ ತನಗಿರುವ ಶೇ 15ರ ಪಾಲನ್ನೂ ಹೆಚ್ಚಿಸಿಕೊಳ್ಳುವ ಮಾತಾಡುತ್ತಿದೆ. ಆದರೆ ಇದು ಅಲುಗಾಡುವ ಕಂಬವನ್ನೇ ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡಂತೆ ಎಂಬ ಟೀಕೆಯೂ ಇದೆ. ಬೆಲೆ ಮರಳಿದರೆ ಇದು ಜಾಣತನ, ಮರಳದಿದ್ದರೆ ದುಬಾರಿ ಜೂಜು.

ಸೂರತ್ ವಿಷಯದಲ್ಲಿ ಸುಂಕದ ಮಾತುಕತೆ ಹೇಗೇ ಮುಗಿಯಲಿ, ಲ್ಯಾಬ್ ವಜ್ರ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ರಫ್ತು ಯಾವಾಗ ಚೇತರಿಸುತ್ತದೆ ಎಂಬುದಲ್ಲ. ರತ್ನಕಲಾಕಾರರ ಹೆಸರು ಕಾರ್ಖಾನೆಯ ಪುಸ್ತಕದಲ್ಲಿ ಯಾವಾಗ ಸೇರುತ್ತದೆ, ಅವರಿಗೆ ಪಿಎಫ್, ವಿಮೆ, ಬೇರೆ ಕೆಲಸದ ತರಬೇತಿ ಯಾವಾಗ ಸಿಗುತ್ತದೆ ಎಂಬುದು. ಸುಗ್ಗಿಯ ಕಾಲದಲ್ಲಿ ಇದಕ್ಕೆ ಹಣವಿತ್ತು, ಮನಸ್ಸಿರಲಿಲ್ಲ. ಬೋಟ್ಸ್ವಾನಾ ಕೊನೆಗೆ ಕಣಜವನ್ನಾದರೂ ಕಟ್ಟಿತ್ತು, ಆ ಕಣಜ ದಶಕಗಳ ಕಾಲ ಒಂದು ದೇಶವನ್ನು ಸಾಕಿತು. ಸೂರತ್‌ನ ಕಾರ್ಮಿಕನಿಗೆ ಕಣಜವೇ ಇಲ್ಲ. ಈ ತಿಂಗಳು ಕಲ್ಲು ಬರದಿದ್ದರೆ ಮುಂದಿನ ತಿಂಗಳ ಬಾಡಿಗೆಗೆ ಅವನು ಊರಿನ ಜಮೀನಿನ ಕಡೆ ನೋಡಬೇಕು. ಅವನು ಊರು ಬಿಟ್ಟು ಬಂದದ್ದೇ ಅಲ್ಲಿ ಮಳೆ ಇಲ್ಲವೆಂದು.